ಹಿಡಿಅಕ್ಕಿ ಮತ್ತು ದಾನಶಾಸನ

1

ಅವೆನ್ಯೂ ರಸ್ತೆಗೆ ಹಳೇ ಪುಸ್ತಕ ಹುಡುಕಿಕೊಂಡು ಹೋಗುವ ನಮ್ಮಂಥವರಿಗೆ ರೈಸ್ ಮೆಮೋರಿಯಲ್ ಚರ್ಚು ಒಂದು ಗುರುತು, ಅಷ್ಟೆ. 'ಚರ್ಚಿನ ಹತ್ರ ನಿಂತಿರ್ತೀನಿ, ಬಾ' ಅಂತ ಹೇಳಿ ಫುಟ್‌ಪಾತಿನ ಪುಸ್ತಕ ಕೆದಕುತ್ತ ನಿಲ್ಲುವುದು ವಿದ್ಯಾರ್ಥಿ ದಿನಗಳಿಂದ ಬಂದ ರೂಢಿ. ಆಗ ಹಾಸ್ಟೆಲಿನ ಗೆಳೆಯನೊಬ್ಬ ಗಂಭೀರವಾಗಿಯೇ ಕೇಳಿದ್ದ: 'ಅಕ್ಕಿಪೇಟೆ ಸಾಹುಕಾರರು ಕಟ್ಟಿಸಿದ್ದೇನೋ ಇದು? ಅದಕ್ಕೇ ರೈಸ್ ಚರ್ಚು ಅಂತಾರಾ?' ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಈಗ ಆ ಪ್ರಶ್ನೆ ಅಷ್ಟು ದಡ್ಡತನದ್ದು ಅನ್ನಿಸುವುದಿಲ್ಲ. ದೇವರ ಮನೆಯನ್ನು ಯಾರ ಅಕ್ಕಿ ಕಟ್ಟಿತು ಎಂಬುದು ಚರಿತ್ರೆ ಕೇಳಲೇಬೇಕಾದ ಪ್ರಶ್ನೆ.

ರೈಸ್ ಅನ್ನೋದು ಇಲ್ಲಿ ಅಕ್ಕಿಯಲ್ಲ, ಒಬ್ಬ ಪಾದ್ರಿಯ ಹೆಸರು. ಲಂಡನ್ ಮಿಷನರಿ ಸೊಸೈಟಿಯ ಬೆಂಜಮಿನ್ ರೈಸ್ 1830ರ ದಶಕದಲ್ಲಿ ಬೆಂಗಳೂರಿಗೆ ಬಂದು, 1887ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಐವತ್ತು ವರ್ಷ ಇಲ್ಲೇ ದುಡಿದವರು. ಕನ್ನಡ ಕಲಿತರು, ಶಾಲೆ ನಡೆಸಿದರು, ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ಕೈ ಹಾಕಿದರು. ಅವರ ಹೆಂಡತಿ ಮತ್ತು ಇನ್ನೊಬ್ಬ ಪಾದ್ರಿಯ ಹೆಂಡತಿ ಶ್ರೀಮತಿ ಸ್ಯೂವೆಲ್ ಸೇರಿ 1840ರ ದಶಕದ ಆರಂಭದಲ್ಲಿ ಪೇಟೆಯ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದರು. ಆಗ ದೊಡ್ಡಪೇಟೆ ಅನ್ನಿಸಿಕೊಂಡಿದ್ದ ಈ ಬೀದಿಯಲ್ಲಿದ್ದ ಹಳೆಯ ಕನ್ನಡ ಪ್ರಾರ್ಥನಾ ಮಂದಿರದ ಜಾಗದಲ್ಲೇ ಈಗಿನ ಚರ್ಚು ಎದ್ದದ್ದು; ಅದರ ಪ್ರತಿಷ್ಠೆಯಾದದ್ದು 1917ರಲ್ಲಿ.

ಈ ಬೆಂಜಮಿನ್ ರೈಸರ ಮಗನನ್ನು ಕನ್ನಡದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಹಳೆ ಮೈಸೂರಿನ ಊರೂರು ಸುತ್ತಿಸಿ, 9000ದ ಹತ್ತಿರ ಶಾಸನಗಳನ್ನು ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಾಗಿ ಅಚ್ಚು ಹಾಕಿಸಿದವರು. ಮೊದಲ ಸಂಪುಟ ಬಂದದ್ದು 1886ರಲ್ಲಿ.

ಅಪ್ಪನ ಹೆಸರಿನ ಚರ್ಚಿನಲ್ಲಿ ಪ್ರತಿ ಭಾನುವಾರ ಕಾಣಿಕೆ ಎತ್ತುತ್ತಾರೆ. ಮಗ ಕೂಡಿಸಿದ ಸಂಪುಟಗಳ ತುಂಬ ಇರುವುದು ದಾನದ ಲೆಕ್ಕ. ಒಂದೇ ಮನೆತನದ ಹೆಸರಿನಲ್ಲಿ ಕೊಡುವಿಕೆಯ ಎರಡು ಕಡತ ತೆರೆದುಕೊಂಡಿರುವುದು ಬರೀ ಆಕಸ್ಮಿಕ. ಆದರೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ 'ಉದಾರತೆ' ಎಂಬ ಮಾತಿನ ಜಾತಿ ಯಾವುದು ಎನ್ನುವುದು ತಿಳಿಯತೊಡಗುತ್ತದೆ. ನಾನಿಲ್ಲಿ ಮಾಡಲು ಹೊರಟಿರುವುದು ಅಂಥದೊಂದು ಓದು.

2

ಮೊದಲು ಮಗನ ಕಡತ. ಈ ಸಂಪುಟಗಳಲ್ಲಿ ಯಾವುದೇ ದೊಡ್ಡ ತಾಮ್ರಶಾಸನ ಬಿಡಿಸಿದರೂ ಅದರ ಕಟ್ಟು ಹೆಚ್ಚು ಕಡಿಮೆ ಒಂದೇ. ರಾಜನ ವಂಶಾವಳಿ, ಪ್ರಶಸ್ತಿ, ಪುಣ್ಯತಿಥಿ. ಆಮೇಲೆ ದಾನ ಪಡೆದ ಬ್ರಾಹ್ಮಣನ ಗೋತ್ರ, ಸೂತ್ರ, ಶಾಖೆ, ಅಪ್ಪನ ಹೆಸರು. ಆಮೇಲೆ ಊರಿನ ಎಲ್ಲೆ: ಆ ಗುಡ್ಡದಿಂದ ಈ ಆಲದ ಮರದವರೆಗೆ, ಈ ಕೆರೆಯ ಕೋಡಿಯಿಂದ ಆ ನೆಟ್ಟ ಕಲ್ಲಿನವರೆಗೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳೂ ಸೇರಿದಂತೆ 'ಸರ್ವಮಾನ್ಯ'ವಾಗಿ ಕೊಟ್ಟೆವು ಎಂಬ ಒಕ್ಕಣೆ. ಕೊನೆಗೆ ಶಾಪ: ಈ ದಾನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳವಾಗಿ ಹುಟ್ಟುತ್ತಾನೆ ಅಂತ.

ಈ ಪಟ್ಟಿಯಲ್ಲಿ ಕಲ್ಲಿಗೆ ಜಾಗವಿದೆ, ಮರಕ್ಕೆ ಜಾಗವಿದೆ, ಹುಳಕ್ಕೂ ಜಾಗವಿದೆ. ಆ ಭೂಮಿಯನ್ನು ಉತ್ತು, ಕೆರೆಯ ಹೂಳೆತ್ತಿ, ದಾನ ಪಡೆದವನ ಮನೆಗೆ ಭತ್ತ ಹೊತ್ತುಹಾಕಿದವರ ಹೆಸರು ಅದರಲ್ಲಿ ಸಿಗುವುದಿಲ್ಲ. ಕೊಟ್ಟವನು ದಾನಿ, ಪಡೆದವನು ಸತ್ಪಾತ್ರ. ಬೆವರು ಸುರಿಸಿದವರು ಕೊಟ್ಟ ಭೂಮಿಯ ಜೊತೆಗೇ ಹೋಗುವ ಸಾಮಾನು. ಶಾಸನಗಳನ್ನು ಕನ್ನಡ ಸಂಸ್ಕೃತಿಯ ಔದಾರ್ಯಕ್ಕೆ ಸಾಕ್ಷಿ ಅಂತ ಪಾಠ ಹೇಳಿಕೊಂಡು ಬಂದ ನಮ್ಮ ವಿದ್ವತ್ತು ಈ ಮೌನವನ್ನು ಒಂದು ಕೊರತೆಯೆಂದೇ ಭಾವಿಸಲಿಲ್ಲ. ಧರ್ಮಶಾಸ್ತ್ರದ ದಾನವೆಂದರೆ ಮೇಲಿನವನು ಮೇಲಿನವನಿಗೇ ಕೊಡುವುದು. ಅದು ಸಂಪತ್ತನ್ನು ಕೆಳಗೆ ಇಳಿಸುವುದಿಲ್ಲ. ಮೇಲೇ ಒಂದು ಸುತ್ತು ಹೊಡೆಸಿ, ಆ ಸುತ್ತಿಗೆ ಪುಣ್ಯ ಅಂತ ಹೆಸರಿಡುತ್ತದೆ.

ಈ ದಾನದ ಒಂದು ಕ್ರಿಯೆಯನ್ನು ಗಮನಿಸಬೇಕು. ದಾನ ಕೊಡುವುದು 'ಧಾರಾಪೂರ್ವಕ'ವಾಗಿ. ಅಂದರೆ ಪಡೆಯುವವನ ಕೈಗೆ ನೀರೆರೆದು ಕೊಡಬೇಕು. ನೀರು ಬಿದ್ದರೆ ಭೂಮಿ ಅವನದಾಯಿತು. ಇದೇ ನಾಡಿನಲ್ಲಿ ಇನ್ನೊಂದು ಥರದ ನೀರೆರೆಯುವಿಕೆಯೂ ಇತ್ತು. ಬಾಯಾರಿದ ಹೊಲೆಯನೋ ಮಾದಿಗಳೋ ಬೊಗಸೆಯೊಡ್ಡಿ ಬಗ್ಗಿ ನಿಂತರೆ, ಚೊಂಬು ತಗುಲದ ಹಾಗೆ ಮೇಲಿಂದ ನೀರು ಬಿಡುವುದು. ಮೊದಲನೆಯ ನೀರಿನಿಂದ ಒಂದು ಊರು ಕೈಸೇರುತ್ತದೆ. ಎರಡನೆಯದರಿಂದ ನಾನು ಯಾರು ಅನ್ನೋದು ನೆನಪಾಗುತ್ತದೆ. ನಮ್ಮ ಸಂಸ್ಕೃತಿಯ ಔದಾರ್ಯವನ್ನು ಅಳೆಯಲು ಈ ಎರಡು ಧಾರೆ ಸಾಕು.

3

ನಮ್ಮ ಕೇರಿಯವರಿಗೆ ಸಿಗುತ್ತಿದ್ದುದೆಲ್ಲ ಹೀಗೆ ಮೇಲಿಂದ ಬೀಳುವಂಥದೇ. ಸುಗ್ಗಿಯಲ್ಲಿ ಆಯಗಾರರಿಗೆಲ್ಲ ಕಣದಲ್ಲಿ ಕಾಳು ಅಳೆಯುತ್ತಿದ್ದರು. ತೋಟಿ, ತಳವಾರ, ಚಪ್ಪಲಿ-ಮಿಣಿ ಹೊಲಿದುಕೊಟ್ಟ ಮಾದಿಗರ ಪಾಲು ಬರುತ್ತಿದ್ದುದು ಕೊನೆಗೆ. ವರ್ಷವಿಡೀ ಮಾಡಿದ ಚಾಕರಿಗೆ ಅದು ಕೂಲಿ. ಆದರೆ ಗೌಡರ ಬಾಯಲ್ಲಿ ಅದು ಕೂಲಿಯಲ್ಲ, 'ನೀಡಿದ್ದು'. ಕೂಲಿಯನ್ನು ಭಿಕ್ಷೆ ಮಾಡುವ ಈ ಹುನ್ನಾರವೇ ಹಳ್ಳಿಯ ಅರ್ಥಶಾಸ್ತ್ರದ ಗುಟ್ಟು. ನಮ್ಮ ರಾಜ್ಯದಲ್ಲಿ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾನೂನು ಬಂದದ್ದು 1961ರಲ್ಲಿ, ಜೀತ ರದ್ದಾದದ್ದು 1976ರ ಕಾನೂನಿನಿಂದ. ಆದರೆ ಆ ಮಾತಿನ ಧಾಟಿ ಕಾನೂನು ಬಂದ ಮೇಲೂ ಎಷ್ಟೋ ದಿನ ಉಳಿದುಕೊಂಡಿತ್ತು.

ನಮ್ಮಜ್ಜಿ ಇಂಥ ಕಣದಲ್ಲಿ ಸೆರಗೊಡ್ಡಿದವಳು. ಅವಳ ಒಲೆಯ ಪಕ್ಕ ಒಂದು ಸಣ್ಣ ಗಡಿಗೆ ಇರುತ್ತಿತ್ತು. ಅಡಿಗೆಗೆ ಅಳೆದುಕೊಂಡದ್ದರಲ್ಲಿ ಒಂದು ಹಿಡಿ ತೆಗೆದು ಅದಕ್ಕೆ ಹಾಕಿ ಆಮೇಲೆ ಎಸರಿಡುವಳು. ವಾರದ ಕೊನೆಗೆ ಅದು ಸಭೆಯ ಕಾಣಿಕೆ. ಅದನ್ನು 'ಹಿಡಿಅಕ್ಕಿ' ಅನ್ನುತ್ತಿದ್ದರು. ಹೆಸರು ಅಕ್ಕಿಯದು, ಗಡಿಗೆಯಲ್ಲಿದ್ದದ್ದು ರಾಗಿ. ಅಕ್ಕಿ ಬೇಯುತ್ತಿದ್ದುದು ಹಬ್ಬಕ್ಕೆ ಮಾತ್ರ. ದಕ್ಷಿಣ ಭಾರತದ ಬಡ ಸಭೆಗಳಲ್ಲಿ ಎಲ್ಲ ಕಡೆಯೂ ಇದ್ದ ಪದ್ಧತಿ ಇದು. ಮಿಜೋರಾಮಿನ ಚರ್ಚುಗಳಲ್ಲೂ ಇಂಥ ಹಿಡಿಅಕ್ಕಿಯ ದೊಡ್ಡ ಪರಂಪರೆಯೇ ಇದೆ.

ಕಾಲೇಜು ಸೇರಿ ನಾಲ್ಕಕ್ಷರ ಓದಿದ ಅಹಂಕಾರದಲ್ಲಿ ನಾನೊಮ್ಮೆ ಅವಳನ್ನು ರೇಗಿಸಿದೆ: 'ಉಣ್ಣಾಕೆ ನಮಗೇ ಇಲ್ಲ, ದೇವರಿಗ್ಯಾಕಜ್ಜಿ ಕೊಡ್ತೀಯ? ಅವನಿಗೇನು ಹಸಿವಾ?' ಅಜ್ಜಿ ತಲೆ ಎತ್ತಲಿಲ್ಲ. 'ಈಸ್ಕಣಾಗೆಲ್ಲ ನಮ್ಮ ಕೈ ಕೆಳಗೇ ಇರ್ತದಲ್ಲ ಮಗ. ಕೊಡಾಗಾದ್ರೂ ಒಸಿ ಮ್ಯಾಲಿರ್ಲಿ ಬುಡು' ಅಂದಳು.

ದಲಿತರ ಕೊಡುವಿಕೆಯ ಬಗ್ಗೆ ನಾನು ಆಮೇಲೆ ಓದಿದ ಯಾವ ಪುಸ್ತಕವೂ ಇದಕ್ಕಿಂತ ಹೆಚ್ಚಿನದನ್ನು ಹೇಳಿಲ್ಲ. ಕನ್ನಡದಲ್ಲಿ 'ಕಾಣಿಕೆ' ಅನ್ನುವ ಮಾತು 'ಕಾಣ್' ಧಾತುವಿನದು. ದೊರೆಯನ್ನೋ ದೇವರನ್ನೋ ಕಾಣಲು ಹೋದಾಗ ಕೊಡುವಂಥದು ಕಾಣಿಕೆ. ಗುಡಿಯೊಳಗೆ ಕಾಲಿಡಲಾಗದ, ದೇವರನ್ನು ಕಾಣಲಾಗದ ಜನಕ್ಕೆ ಕಾಣಿಕೆ ಎಲ್ಲಿಂದ ಬರಬೇಕು? ಅವರು ಕೊಟ್ಟದ್ದೆಲ್ಲ ಬಿಟ್ಟಿ. ಸಭೆಯಲ್ಲಿ ಅಜ್ಜಿ ಎದ್ದು ಎಲ್ಲರ ಮುಂದೆ ನಡೆದುಹೋಗಿ ಗಡಿಗೆ ಇಟ್ಟು ಬಂದಾಗ ಬಿಟ್ಟಿ ಮೊದಲ ಸಲ ಕಾಣಿಕೆಯಾಯಿತು. ಅದೇ ರಾಗಿ. ಕಣದಲ್ಲಿ ಅದು ಬಿದ್ದದ್ದು, ಇಲ್ಲಿ ಅದು ಇಟ್ಟದ್ದು.

ಮತ್ತೂ ಒಂದಿದೆ. ಕಾಣಿಕೆಯ ತಟ್ಟೆ ಮೇಲಿಂದ ಬೀಳುವುದಿಲ್ಲ. ಅದು ಸಾಲಿನಲ್ಲಿ ಕೂತವರ ಕೈಯಿಂದ ಕೈಗೆ ಬರುತ್ತದೆ. ನನ್ನ ಕೈ ತಗುಲಿದ ತಟ್ಟೆಯನ್ನು ಪಕ್ಕದವನು ಮುಟ್ಟಲೇಬೇಕು, ಅವನಿಂದ ಆಚೆಯವನು. ಮುಟ್ಟಿಸಿಕೊಳ್ಳುವುದು ಆ ಕೊಡುವಿಕೆಯ ಕ್ರಮದೊಳಗೇ ಸೇರಿದೆ. ಬೊಗಸೆಯ ನೀರಿಗೆ ಇದೊಂದು ಉತ್ತರ ಅಂತ ನನಗೆ ಕಾಣುತ್ತದೆ.

4

ಇಷ್ಟಕ್ಕೇ ನಿಲ್ಲಿಸಿದರೆ ಇದು ಭಕ್ತಿಯ ಭಾಷಣವಾಗುತ್ತದೆ. ತಟ್ಟೆ ಕೈಯಿಂದ ಕೈಗೆ ಹೋದ ಮಾತ್ರಕ್ಕೆ ಜಾತಿ ಹೋಗಲಿಲ್ಲ. ದಕ್ಷಿಣದ ಎಷ್ಟೋ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದವರು ಬೇರೆ ಕೂರುತ್ತಿದ್ದರು, ಪ್ರಭುಭೋಜನದ ಪಾತ್ರೆ ಮೊದಲು ಅವರಿಗೇ ಹೋಗಬೇಕಿತ್ತು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿ ಇರಕೂಡದು ಅಂತ ಸುತ್ತೋಲೆ ಹೊರಡಿಸಬೇಕಾಯಿತು. 1850ರ ಮದ್ರಾಸ್ ಮಿಷನರಿ ಸಮ್ಮೇಳನ ಇನ್ನೂ ಮುಂದೆ ಹೋಗಿ, ಜೊತೆಗೆ ಕೂತು ಉಂಡು ತೋರಿಸದವನು ಜಾತಿ ಬಿಟ್ಟಿಲ್ಲವೆಂದೇ ಲೆಕ್ಕ ಅಂತ ತೀರ್ಮಾನಿಸಿತು. ಲೈಪ್ಸಿಗ್ ಲುಥೆರನ್ ಮಿಷನ್ ಅದಕ್ಕೆ ಒಪ್ಪಲಿಲ್ಲ. ಇಂಥ ನಿರ್ಣಯ ಬೇಕಾಯಿತು ಎಂಬುದೇ ಒಳಗಿನ ಸ್ಥಿತಿಗೆ ಸಾಕ್ಷಿ.

ನನ್ನ ಬಾಲ್ಯದ ಸಭೆಯೊಂದರಲ್ಲಿ ಸುಗ್ಗಿ ಹಬ್ಬದ ಹರಾಜು ನೆನಪಿದೆ. ಜನ ತಂದ ಬೆಳೆಯನ್ನು ಹರಾಜು ಹಾಕುತ್ತಾರೆ. ಕೊಂಡವರು ಕೆಲವೊಮ್ಮೆ ಮತ್ತೆ ದೇವರಿಗೇ ಬಿಡುತ್ತಾರೆ, ಒಂದೇ ಕುಂಬಳಕಾಯಿ ಮೂರು ಸಲ ಹರಾಜಾಗುತ್ತದೆ. ಚೆಂದದ ಪದ್ಧತಿ. ಆದರೆ ಅಲ್ಲಿ ಹೆಸರು ಕೂಗುತ್ತಿದ್ದುದು ಮೊತ್ತದ ಲೆಕ್ಕದಲ್ಲಿ. ದೊಡ್ಡ ಸಂಬಳದವರ ಹೆಸರು ಮೈಕಿನಲ್ಲಿ ಮೊಳಗುತ್ತಿತ್ತು. ಕೇರಿಯ ಹೆಂಗಸರು ತಂದ ಸೊಪ್ಪು, ಹುಣಸೆಹಣ್ಣು 'ಇತರೆ' ಅಂತ ಒಟ್ಟುಗೂಡಿ ಹೋಗುತ್ತಿತ್ತು. ಶಾಸನದ ಮೌನ ಚರ್ಚಿನ ಮೈಕಿಗೂ ಬಂದಿತ್ತು.

ಮಿಷನ್ನಿನ ದುಡ್ಡೂ ಇದೇ ತಕ್ಕಡಿಯಲ್ಲಿ ತೂಗಬೇಕಾದದ್ದು. ಆ ಕಾಲದಲ್ಲಿ ಇಂಗ್ಲೆಂಡಿನ ಭಾನುವಾರ ಶಾಲೆಗಳ ಮಕ್ಕಳು ಅರ್ಧ ಪೆನ್ನಿ ಕೂಡಿಸಿ ಲಂಡನ್ ಮಿಷನ್ನಿಗೆ ಕೊಡುತ್ತಿದ್ದರು. ಆ ಮಕ್ಕಳ ಕಾಸಿನಿಂದಲೇ 1844ರಲ್ಲಿ 'ಜಾನ್ ವಿಲಿಯಮ್ಸ್' ಎಂಬ ಹಡಗನ್ನು ನೀರಿಗಿಳಿಸಿದರು. ಆ ಕಾಸಿನಲ್ಲಿ ಗಿರಣಿ ಕೂಲಿಗಳ ಮನೆಯ ಉಪವಾಸವೂ ಇತ್ತು, ಗಿರಣಿ ಮಾಲೀಕರ ಲಾಭವೂ ಇತ್ತು. ಅದೇ ಗಿರಣಿ ಬಟ್ಟೆ ಬಂದು ನಮ್ಮ ಪೇಟೆಯ ನೇಕಾರರ ಮಗ್ಗವನ್ನು ಮುರಿಯಿತು. ಕಾಣಿಕೆ ಎಷ್ಟೇ ಶುದ್ಧವಾಗಿದ್ದರೂ ಅದು ನಡೆದು ಬಂದ ದಾರಿಯನ್ನು ಕೇಳಬೇಕಾಗುತ್ತದೆ.

ಆ ದುಡ್ಡು ಖರ್ಚಾದದ್ದು ಯಾರ ಮೇಲೆ? ಅಂಬೇಡ್ಕರ್ ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಪ್ರಶ್ನೆಯನ್ನು ಮುಲಾಜಿಲ್ಲದೆ ಕೇಳಿದ್ದಾರೆ. ಮಿಷನ್ನುಗಳು ಶಿಕ್ಷಣಕ್ಕೆ, ಆಸ್ಪತ್ರೆಗೆ ಸುರಿದ ಹಣದ ಹೆಚ್ಚಿನ ಫಲ ಹೋದದ್ದು ಮೇಲ್ಜಾತಿಯ ಹಿಂದೂಗಳಿಗೆ. ಮತಾಂತರಗೊಂಡ ಬಡವನ ಮಗ ಆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ ಎಂಬುದು ಅವರ ವಾದದ ತಿರುಳು. ಪೇಟೆಯ ಮಿಷನ್ ಶಾಲೆಗಳ ಚರಿತ್ರೆಗೂ ಈ ಮಾತು ಅನ್ವಯಿಸುತ್ತದೆ. ಮೇಲಿನವರು ಮೊದಲು ಬೆಳಕು ಕಂಡರೆ ಅದು ಕೆಳಗೆ ಸೋಸಿ ಇಳಿಯುತ್ತದೆ ಎಂಬ ನಂಬಿಕೆಯಲ್ಲಿ ನಡೆದ ಶಾಲೆಗಳವು. ಮೇಲಿನವರು ಬೆಳಕು ಪಡೆದರು, ಸರ್ಕಾರಿ ಕೆಲಸ ಪಡೆದರು. ಸೋಸುವ ಬಟ್ಟೆ ಮಾತ್ರ ತುಂಬ ದಪ್ಪವಿತ್ತು.

5

ಹಾಗಾದರೆ ಕಾಣಿಕೆ ಅನ್ನೋದೂ ಇನ್ನೊಂದು ದಾನವೇ? ಅಲ್ಲ ಅನ್ನುವುದಕ್ಕೆ ಆಧಾರ ನಮ್ಮ ಬೆಂಗಳೂರಿನಲ್ಲೇ ಇದೆ. 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೇವತಾಶಾಸ್ತ್ರದ ಚರ್ಚೆ ಶುರುವಾಯಿತು ಅನ್ನುತ್ತಾರೆ. ಮಹಾರಾಷ್ಟ್ರದ ದಲಿತ ಕ್ರೈಸ್ತರಾದ ನಿರ್ಮಲ್ ತಮ್ಮ ಚಿಂತನೆಗೆ ಬುನಾದಿಯಾಗಿ ಹಿಡಿದದ್ದು ಧರ್ಮೋಪದೇಶಕಾಂಡದ 26ನೇ ಅಧ್ಯಾಯ. ಸಾಮಾನ್ಯವಾಗಿ ಅದನ್ನು ನಂಬಿಕೆಯ ಅರಿಕೆ ಅಂತ ಓದುತ್ತಾರೆ. ಆದರೆ ಆ ಅರಿಕೆ ಬರುವುದು ಎಲ್ಲಿ ಅಂತ ನೋಡಿ: ರೈತನೊಬ್ಬ ಮೊದಲ ಬೆಳೆಯನ್ನು ಪುಟ್ಟಿಯಲ್ಲಿ ತುಂಬಿಕೊಂಡು ಬಂದು ದೇವರ ಮುಂದೆ ಇಡುವಾಗ.

ಪುಟ್ಟಿ ಇಟ್ಟು ಸುಮ್ಮನೆ ಹೋಗುವಂತಿಲ್ಲ. ಅವನು ಬಾಯಿ ಬಿಟ್ಟು ತನ್ನ ಚರಿತ್ರೆ ಹೇಳಬೇಕು. ನನ್ನ ಹಿರಿಯ ನೆಲೆಯಿಲ್ಲದೆ ಅಲೆದವನು, ಐಗುಪ್ತದಲ್ಲಿ ನಮ್ಮನ್ನು ಬಿಟ್ಟಿ ದುಡಿಸಿಕೊಂಡರು, ನಾವು ಕೂಗಿಕೊಂಡೆವು, ಬಿಡುಗಡೆಯಾಯಿತು, ಈ ನೆಲ ಸಿಕ್ಕಿತು, ಇಗೋ ಅದರ ಬೆಳೆ ಅಂತ. ದಾನಶಾಸನ ಶುರುವಾಗುವುದು ದೊರೆಯ ವಂಶಾವಳಿಯಿಂದ. ಈ ಕಾಣಿಕೆ ಶುರುವಾಗುವುದು ಜೀತದ ವಂಶಾವಳಿಯಿಂದ. ನಿರ್ಮಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ದಲಿತ ಪೂರ್ವಿಕನಿಗೆ ಆ ಅಲೆಮಾರಿಗಿದ್ದ ಸ್ವಾತಂತ್ರ್ಯವೂ ಇರಲಿಲ್ಲ, ಅವನನ್ನು ಊರಾಚೆಗೆ ತಳ್ಳಿದ್ದರು ಎಂದರು. ಅಂದರೆ ಕೊಡುವಾಗ ದಲಿತ ಹೇಳಬೇಕಾದ ಚರಿತ್ರೆ ಇನ್ನೂ ಉದ್ದ.

ಅದೇ ಅಧ್ಯಾಯದಲ್ಲಿ ಮುಂದೆ, ಮೂರನೆಯ ವರ್ಷದ ದಶಮಾಂಶ ಲೇವಿಯರಿಗೆ, ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಸೇರಬೇಕು ಅನ್ನುತ್ತದೆ. ಯಾಜಕಕಾಂಡ ಹೊಲದ ಅಂಚಿನ ತೆನೆಯನ್ನೂ ಉದುರಿದ ಹಕ್ಕಲನ್ನೂ ಬಡವರಿಗೆ ಬಿಡಬೇಕೆಂದು ವಿಧಿಸುತ್ತದೆ. ದೇವರಿಗೆ ಹಿಂದಿರುಗಿಸುವುದು ಅಂದರೆ ಬಡವರಿಗೆ ಹಿಂದಿರುಗಿಸುವುದು, ಅದೂ ದಯೆಯಿಂದಲ್ಲ, ವಿಧಿಯಾಗಿ.

ಈ ಹಕ್ಕಲಿನ ಮಾತು ಬಂದಾಗ ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನೆನಪಾಗದಿರಲು ಸಾಧ್ಯವಿಲ್ಲ. ಉದುರಿದ ಅಕ್ಕಿ ಆಯ್ದು ದಾಸೋಹ ನಡೆಸಿದ ದಂಪತಿಗಳು. ಒಂದು ದಿನ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಲ್ಲೆನೆಂದು, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ಗಂಡನನ್ನು ವಾಪಸು ಕಳಿಸಿದಳು. ಹಿಂದಿರುಗಿಸುವಿಕೆಯ ನೀತಿಯನ್ನು ಕನ್ನಡದ ದುಡಿಯುವ ಹೆಣ್ಣೊಬ್ಬಳು ಹನ್ನೆರಡನೆಯ ಶತಮಾನದಲ್ಲೇ ಕಂಡುಕೊಂಡಿದ್ದಳು.

ಕೆಳಗಿನವರ ಕೊಡುವಿಕೆ ಒಂದು ಸಂಘಟನೆಯ ಶಕ್ತಿಯೂ ಹೌದು. 1912ರಲ್ಲಿ ದೋರ್ನಕಲ್‌ನ ಬಿಷಪ್ಪರಾದ ವಿ.ಎಸ್. ಅಜರಯ್ಯ, ಮಾಲ-ಮಾದಿಗರೇ ಹೆಚ್ಚಿದ್ದ ತಮ್ಮ ಸಭೆಗಳಿಗೆ ವಿದೇಶಿ ದುಡ್ಡಿಗೆ ಕೈಯೊಡ್ಡಬೇಡಿ, ನಿಮ್ಮದನ್ನು ನೀವು ಕೊಡಿ ಅಂತ ಕಲಿಸಿದರು. ಕ್ರೈಸ್ತ ಕೊಡುವಿಕೆಯ ಬಗ್ಗೆ ಪುಸ್ತಕವನ್ನೇ ಬರೆದರು. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬೌದ್ಧರಾದ ಲಕ್ಷಾಂತರ ಬಡವರಿಗೆ ಅಂಬೇಡ್ಕರ್ ಹೇಳಿದ್ದೂ ಇದನ್ನೇ: ದುಡಿದದ್ದರಲ್ಲಿ ಇಪ್ಪತ್ತರಲ್ಲಿ ಒಂದು ಭಾಗ ಧಮ್ಮಕ್ಕೆ ಕೊಡಿ. ಏನೂ ಇಲ್ಲದವರನ್ನು ಕೊಡಿ ಅಂತ ಕೇಳುವುದು ಕ್ರೌರ್ಯವೂ ಆಗಬಹುದು, ಗೌರವವೂ ಆಗಬಹುದು. ಕೇಳುವವನು ಎಲ್ಲಿ ನಿಂತಿದ್ದಾನೆ ಎನ್ನುವುದರ ಮೇಲೆ ಅದು ತೀರ್ಮಾನವಾಗುತ್ತದೆ.

6

ಪ್ರತಿ ಚರ್ಚಿನಲ್ಲೂ ಕಾಣಿಕೆಯ ಹೊತ್ತಿಗೆ ನೆನೆಯುವ ಕತೆ ಎರಡು ಕಾಸು ಹಾಕಿದ ಬಡ ವಿಧವೆಯದು. ಅವಳ ಹಾಗೆ ಕೊಡಿ ಅಂತ ಬೋಧನೆ. ಮಾರ್ಕನ ಸುವಾರ್ತೆಯಲ್ಲಿ ಆ ಕತೆಗೆ ಸ್ವಲ್ಪ ಮೇಲೆಯೇ ಯೇಸು, ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಬಯ್ಯುತ್ತಾನೆ. ಎರಡನ್ನೂ ಸೇರಿಸಿ ಓದಿದರೆ ಕತೆಯ ಅರ್ಥವೇ ಬದಲಾಗುತ್ತದೆ. ಅವಳು ದೊಡ್ಡವಳು ನಿಜ. ಆದರೆ ಅವಳ ಹತ್ತಿರ ಎರಡೇ ಕಾಸು ಉಳಿಯಲು ಕಾರಣ ಯಾರು ಎಂಬುದನ್ನು ಕೇಳದ ಬೋಧನೆ ಅವಳನ್ನು ಇನ್ನೊಮ್ಮೆ ಸುಲಿಯುತ್ತದೆ.

ಕೊಡಬೇಕಾದವರಿಗೆ ಹೇಳಬೇಕಾದ ಕತೆ ಬೇರೆ ಇದೆ, ಲೂಕನ ಸುವಾರ್ತೆಯ ಜಕ್ಕಾಯನದು. ಸುಂಕ ವಸೂಲಿಯಿಂದ ಬಲಿತಿದ್ದ ಆ ಮನುಷ್ಯ, ಅರ್ಧ ಆಸ್ತಿ ಬಡವರಿಗೆ, ಯಾರಿಂದ ಅನ್ಯಾಯವಾಗಿ ಕಿತ್ತಿದ್ದೇನೋ ಅವರಿಗೆ ನಾಲ್ಕರಷ್ಟು ವಾಪಸು ಅನ್ನುತ್ತಾನೆ. ರಕ್ಷಣೆ ಈ ಮನೆಗೆ ಬಂತು ಅಂತ ಯೇಸು ಹೇಳುವುದು ಆಮೇಲೆ. ಮತ್ತಾಯನ ಸುವಾರ್ತೆಯಲ್ಲೂ ಇದೇ ಸರದಿ: ಸಹೋದರನಿಗೆ ನಿನ್ನ ಮೇಲೆ ದೂರಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು. ದೇವರು ಕಾಯುತ್ತಾನೆ, ದೂರು ಕಾಯಬಾರದು. ಭಾರತದಲ್ಲಿ ಈ ಮಾತನ್ನು ನಿಜವಾಗಿ ಪಾಲಿಸಿದರೆ ಎಷ್ಟು ಗುಡಿ, ಎಷ್ಟು ಮಠ, ಎಷ್ಟು ಚರ್ಚುಗಳ ಹುಂಡಿ ಖಾಲಿ ಬೀಳಬಹುದು!

ಮೀಸಲಾತಿಯನ್ನು ನಾನು ಅರ್ಥ ಮಾಡಿಕೊಳ್ಳುವುದು ಹೀಗೆ. ಅದು ದಾನವಲ್ಲ, ಜಕ್ಕಾಯನ ನಾಲ್ಕರಷ್ಟರಲ್ಲಿ ಒಂದು ಸಣ್ಣ ಕಂತು. ಆ ಕಂತಿನಿಂದಲೂ ದಲಿತ ಕ್ರೈಸ್ತರನ್ನು ಹೊರಗಿಡಲಾಗಿದೆ. 1950ರ ರಾಷ್ಟ್ರಪತಿ ಆದೇಶ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. 1985ರಲ್ಲಿ ಸೂಸೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮತಾಂತರದ ಮೇಲೂ ಅದೇ ಪ್ರಮಾಣದ ಹಿಂಸೆ ಇದೆಯೆಂದು ಸಾಬೀತಾಗಬೇಕು ಎಂದಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಷರತ್ತನ್ನೇ ಕಿತ್ತುಹಾಕಿ ಅಂದಿತು. 2022ರಲ್ಲಿ ಕೇಂದ್ರ ಸರ್ಕಾರ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ದೇವರು ಬದಲಾದರೆ ಜಾತಿ ಬಿಡುತ್ತದೆ ಅಂತ ನಂಬಿರುವುದು ಈ ದೇಶದಲ್ಲಿ ಕಾನೂನು ಮಾತ್ರ. ಕೇರಿಗೆ ಬಂದು ಕೇಳಿದರೆ ಯಾರೂ ನಂಬುವುದಿಲ್ಲ. ಅದೇ ಹೊತ್ತಿಗೆ ತಮ್ಮೊಳಗೇ ಜಾತಿ ಇಟ್ಟುಕೊಂಡ ಸಭೆಗಳಿಗೆ ಈ ಆದೇಶವನ್ನು ಪ್ರಶ್ನಿಸುವ ನೈತಿಕ ಬಲ ಅರ್ಧವೇ ಉಳಿದಿರುತ್ತದೆ.

ನಮ್ಮ ವಿದ್ಯಾರ್ಥಿಗಳಿಗೆ ಎರಡು ಕೆಲಸ ಬಾಕಿ ಇವೆ ಅಂತ ನನಗನ್ನಿಸುತ್ತದೆ. ಒಂದು, ರೈಸರ ಶಾಸನ ಸಂಪುಟಗಳನ್ನು ದಾನಿಗಳಿಗಾಗಿ ಅಲ್ಲ, ಅಲ್ಲಿ ಹೇಳದೆ ಬಿಟ್ಟ ಉಳುವವರಿಗಾಗಿ ಮತ್ತೆ ಓದುವುದು. ಇನ್ನೊಂದು, ಹಳ್ಳಿ ಸಭೆಗಳ ಹಳೆಯ ಕಾಣಿಕೆ ಲೆಕ್ಕದ ಪುಸ್ತಕಗಳನ್ನು ಗೆದ್ದಲು ಹಿಡಿಯುವ ಮೊದಲು ಹುಡುಕುವುದು. ದಾನಿ ಅಂತಲ್ಲದಿದ್ದರೂ ಕೊಟ್ಟವಳು ಅಂತ ಕೇರಿಯ ಹೆಂಗಸಿನ ಹೆಸರನ್ನು ಬರೆದುಕೊಂಡಿರಬಹುದಾದ ಕಡತ ಅದು. ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಲೆಕ್ಕ ಬರೆಯುವವನು ತನ್ನ ಹೆಸರು ಬರೆದನೋ ಇಲ್ಲವೋ ಅಂತ ಪ್ರತಿ ಸಲವೂ ಬೆರಳಿಟ್ಟು ತೋರಿಸು ಅಂತ ಕೇಳಿ, ಅವನು ತೋರಿಸಿದ ಮೇಲೆಯೇ ಗಡಿಗೆ ತೆಗೆದುಕೊಂಡು ಮನೆಗೆ ಬರುತ್ತಿದ್ದಳು.